ಮೈ ತುಂಬಿಕೊಂಡ ಬಸುರಿಗೆ ಜ್ವರ ಬಂದರೆ

ಪ್ರಶ್ನೆ: ಐದು ತಿಂಗಳ ಬಸುರಿ. ಎತ್ತರ 154 ಸೆಂ.ಮೀ., ಬಸುರಾಗುವ ಮುಂಚೆ ತೂಕ 78 ಕೆ.ಜಿ. ಹೋದ ವಾರ ಕೆಮ್ಮು, ಜ್ವರ ಬಂದು ನಾಲ್ಕು ದಿನಕ್ಕೆ ಬಿಟ್ಟಿತು. ‘ಮೈಕೈ ತುಂಬಿಕೊಂಡಿದ್ದೀ, ತಡಕೊಳ್ತೀ, ಬಸುರಿ ಮಾತ್ರೆ ನುಂಗಬಾರದು’ ಅಂತ ಅತ್ತೆ ಕಷಾಯ ಕೊಟ್ಟರು. ಸಕ್ಕರೆ ಪರೀಕ್ಷೆ ಇನ್ನೂ ಆಗಿಲ್ಲ. ಮಗುವಿಗೆ ತೊಂದರೆಯೇ?
– ಓದುಗಿ, ಕಾನಹೊಸಹಳ್ಳಿ

ಉತ್ತರ: ಹೆದರಬೇಡಿ ತಾಯಿ. ಇಂಥ ಜ್ವರ ಬಂದುಹೋದ ಬಹುಪಾಲು ಬಸುರಿಯರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ. ಆದರೆ ನಿಮ್ಮ ಅತ್ತೆಯವರ ಮಾತು ನನಗೆ ಸಿಟ್ಟು ತರಿಸಿತು. ದಪ್ಪಗಿದ್ದವರು ಗಟ್ಟಿ ಎಂಬುದು ಶುದ್ಧ ತಪ್ಪು. ನಿಮ್ಮ ಬಿಎಂಐ ಸುಮಾರು 33. ನಮ್ಮ ಜನಕ್ಕೆ 25 ಮುಟ್ಟಿದರೇ ಬೊಜ್ಜೆಂದು ಲೆಕ್ಕ. ಬೊಜ್ಜಿದ್ದ ಮೈಯಲ್ಲಿ ಸದಾ ಸಣ್ಣಗೆ ಉರಿಯೂತ ಇರುತ್ತದೆ, ವೈರಸ್ ಹೊಕ್ಕಾಗ ರಕ್ಷಣಾಕಣಗಳು ತಡವರಿಸುತ್ತವೆ. ಅದರ ಮೇಲೆ ಬೆಳೆಯುವ ಗರ್ಭಕೋಶವೂ ಕೊಬ್ಬೂ ಒತ್ತಿ, ಶ್ವಾಸಕೋಶ ಅರಳಲು ಜಾಗ ಸಾಲದು. 2009ರ ಎಚ್‌1ಎನ್‌1 ಹಾವಳಿಯಲ್ಲಿ ತೀವ್ರವಾಗಿ ನರಳಿದವರಲ್ಲಿ ಬಸುರಿಯರೂ ಬೊಜ್ಜಿದ್ದವರೂ ಹೆಚ್ಚು. ಕೋವಿಡ್‌ನಲ್ಲೂ ಹಾಗೇ ಆಯಿತು.

ಇನ್ನು ಮಾತ್ರೆಯ ವಿಚಾರ. ಜೋರು ಜ್ವರವನ್ನು ಹಾಗೇ ಬಿಡುವುದೇ ಅಪಾಯ; ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ನುಂಗಬಹುದು, ಬ್ರುಫೆನ್ ಬೇಡ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ 48 ಗಂಟೆಯೊಳಗೆ ಶುರುವಾದರೆ ಗುಣ ಹೆಚ್ಚು. ನಾಲ್ಕು ದಿನ ಕಷಾಯ ಕುಡಿಯುತ್ತ ಕೂತರೆ ಆ ಹೊತ್ತು ಕೈತಪ್ಪುತ್ತದೆ. ಮುಂದೆ ಜ್ವರ ಬಂದರೆ ಅಂದೇ ತೋರಿಸಿ. ಫ್ಲೂವೋ ಡೆಂಗಿಯೋ ಪರೀಕ್ಷೆಯಲ್ಲಿ ತಿಳಿಯಲಿ. ಏದುಸಿರು ಬಂದರೆ, ಬೆರಳಿಗೆ ಹಾಕಿ ನೋಡುವ ಆಕ್ಸಿಜನ್ 95ಕ್ಕಿಂತ ಇಳಿದರೆ, ಮಗು ಮಿಸುಕಾಡುವುದು ಕಡಿಮೆಯಾದರೆ, ನಡುರಾತ್ರಿಯಾದರೂ 108ಕ್ಕೆ ಕರೆ ಮಾಡಿ ಹೊರಡಿ.

ಸಕ್ಕರೆ ಪರೀಕ್ಷೆ ನಾಳೆಯೇ ಆಗಲಿ: 75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಗೆ ರಕ್ತದಲ್ಲಿ 140 ಮುಟ್ಟಿದರೆ ಅದು ಗರ್ಭಿಣಿಯರ ಸಕ್ಕರೆ ಕಾಯಿಲೆ. ಬೊಜ್ಜಿನ ಜೊತೆ ಅದೂ ಸೇರಿದರೆ ಸೋಂಕು ಬಿಗಿಯಾಗುತ್ತದೆ. ಬಿಪಿಯನ್ನೂ ನೋಡಿಸಿ.

ಪ್ರಶ್ನೆ: ಬಸುರಿಯರು ಫ್ಲೂ ಲಸಿಕೆ ಹಾಕಿಸಿಕೊಳ್ಳಬಹುದೇ?
– ಓದುಗಿ, ಕೊಟ್ಟೂರು

ಉತ್ತರ: ಹಾಕಿಸಿಕೊಳ್ಳಲೇಬೇಕು, ಯಾವ ತಿಂಗಳಾದರೂ ಸರಿ. ಚುಚ್ಚುವ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ. ಹುಟ್ಟುವ ಮಗುವಿಗೂ ಮೊದಲ ಕೆಲವು ತಿಂಗಳು ಅದರ ರಕ್ಷಣೆ ಸಿಗುತ್ತದೆ.

ಪ್ರಶ್ನೆ: ನನ್ನ ಹೆಂಡತಿಗೆ ನಾಲ್ಕು ತಿಂಗಳು, ಬಿಎಂಐ 31. ರಾತ್ರಿ ಊಟ ಬಿಡಿಸಲೇ?
– ಓದುಗ, ಹರಪನಹಳ್ಳಿ

ಉತ್ತರ: ಬೇಡ. ಬಸುರಿಯನ್ನು ಉಪವಾಸ ಕೆಡವಬಾರದು. ಇಬ್ಬರ ಊಟ ಎಂದು ತುರುಕಲೂಬಾರದು. ರೊಟ್ಟಿ, ಕಾಳುಪಲ್ಯ, ಸೊಪ್ಪು ಇರಲಿ, ಮಿರ್ಚಿ-ಮಂಡಕ್ಕಿ ಕಡಿಮೆಯಾಗಲಿ. ಒಂಬತ್ತು ತಿಂಗಳಲ್ಲಿ 5ರಿಂದ 9 ಕೆ.ಜಿ. ಏರಿದರೆ ಸಾಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ತಪಾಸಣೆ ಉಚಿತ. ತಾಯಿ ಕಾರ್ಡ್ ಹಿಡಿದು ನೀವೇ ಕರೆದುಕೊಂಡು ಹೋಗಿ.