ಊರ ಚರ್ಚನ್ನು ನೋಡುವ ಬಗೆ: ಡೋರನಹಳ್ಳಿ ಮತ್ತು ಶೆಟ್ಟಿಹಳ್ಳಿ



ಜೂನ್ 13ನೆಯ ತಾರೀಖು ನಮ್ಮ ಕಡೆ ಬಿಡುವಿಲ್ಲದ ಕಾಲ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಕೆಲಸ, ಮಿಕ್ಕೆಡೆ ಉಳುಮೆ, ಗೊಬ್ಬರ. ಆದರೂ ಆ ದಿನ ನೊಗ ಕೆಳಗಿಟ್ಟು ಕೃಷ್ಣರಾಜನಗರದ ಬಳಿಯ ಡೋರನಹಳ್ಳಿಗೆ ಹೋಗುವವರು ಬಹಳ ಮಂದಿ. ಅದು ಸಂತ ಅಂತೋಣಿಯವರ ಹಬ್ಬ. ಹೋಗುವವರೆಲ್ಲ ಕ್ರೈಸ್ತರೇ ಎಂದು ತಿಳಿಯಬಾರದು. ಹರಕೆ ಹೊತ್ತ ಎಲ್ಲ ಜಾತಿಯವರೂ ಹೋಗುತ್ತಾರೆ.

ಅಲ್ಲಿನ ಐತಿಹ್ಯ ನಮಗೆ ಒಪ್ಪುವಂಥದು. ಸುಮಾರು ಇನ್ನೂರು ವರ್ಷಗಳ ಹಿಂದೆ ರೈತನೊಬ್ಬ ಹೊಲ ಉಳುತ್ತಿದ್ದಾಗ ನೇಗಿಲಿಗೆ ಮರದ ಬೊಂಬೆಯೊಂದು ಸಿಕ್ಕಿತಂತೆ. ಯಾವ ದೇವರೆಂದು ತಿಳಿಯದೆ ಮಕ್ಕಳಿಗೆ ಆಡಲು ಕೊಟ್ಟನಂತೆ. ಮುಂದೆ ಕನಸಾಗಿ, ಮನೆಗೆ ಕಷ್ಟ ಬಂದು, ಕೊನೆಗೆ ಸಣ್ಣ ಗುಡಿ ಕಟ್ಟಿ ಇಟ್ಟನೆಂದು ಹೇಳುತ್ತಾರೆ. ಇದು ಜನರ ಬಾಯಲ್ಲಿ ಬಂದ ಕಥೆ; ಹಾಗೆಂದೇ ಓದಿಕೊಳ್ಳಬೇಕು. ಬರೆದಿಟ್ಟ ಚರಿತ್ರೆಯಂತೆ ಅಂತೋಣಿಯವರು 1195ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಹುಟ್ಟಿ, 1231ರ ಜೂನ್ 13ರಂದು ಇಟಲಿಯ ಪಾದುವಾ ಪಟ್ಟಣದ ಬಳಿ ತೀರಿಕೊಂಡ ಸನ್ಯಾಸಿಗಳು. ಡೋರನಹಳ್ಳಿಯ ಚರ್ಚಿಗೆ 2019ರಲ್ಲಿ ಪೋಪ್ ಫ್ರಾನ್ಸಿಸರು ‘ಬೆಸಿಲಿಕಾ’ ಎಂಬ ಗೌರವದ ಪದವಿ ಕೊಟ್ಟರು. ಕರ್ನಾಟಕದಲ್ಲಿ ಅದಕ್ಕೆ ಮೊದಲು ಈ ಪದವಿ ದೊರೆತಿದ್ದುದು ಬೆಂಗಳೂರು ಶಿವಾಜಿನಗರದ ಸಂತ ಮರಿಯಮ್ಮನವರ ಚರ್ಚಿಗೆ (1973) ಮತ್ತು ಕಾರ್ಕಳದ ಅತ್ತೂರಿಗೆ (2016).

ಪಾದುವಾದ ಸಂತರು ನಮ್ಮ ಹೊಲಕ್ಕೆ ಬಂದ ದಾರಿ ಯಾವುದು? ಹದಿನೇಳನೆಯ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಪಾದ್ರಿಗಳು ಶ್ರೀರಂಗಪಟ್ಟಣದಲ್ಲಿ ನೆಲೆಸಿ, ಕನ್ನಡ ಕಲಿತು ಕೆಲಸ ಆರಂಭಿಸಿದರು. 1799ರ ಬಳಿಕ ಬಂದವರು ಫ್ರೆಂಚರಾದ ಅಬ್ಬೆ ದುಬ್ವಾ. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಈ ದೇಶದ ಉಡುಪು ತೊಟ್ಟು, ಇಲ್ಲಿನ ಊಟ ಉಂಡವರು. ಅವರು ಬರೆದ ಗ್ರಂಥದ ಮಾತು ಎಲ್ಲರೂ ಆಡುತ್ತಾರೆ, ನನಗೆ ಮಾತ್ರ ಅವರ ಬೇರೆ ಎರಡು ಕೆಲಸ ಹೆಚ್ಚೆಂದು ತೋರುತ್ತದೆ. 1803-04ರಲ್ಲಿ ಅವರು ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿದ ಜನರಿಗೆ ಸಿಡುಬಿನ ದೇವಿ ಹಾಕಿಸಿದರು. ಹಾಸನದ ಕಡೆ ಸಾತಹಳ್ಳಿಯಲ್ಲಿ ಬಡ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಆ ಸೀಮೆಯಲ್ಲಿ ಅವರ ತರುವಾಯ ಬಂದ ಫ್ರೆಂಚ್ ಪಾದ್ರಿಗಳು 1860ರ ಸುಮಾರಿನಲ್ಲಿ ಕಟ್ಟಿಸಿದ್ದೇ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಚರ್ಚು.

ಚರ್ಚನ್ನು ಹೇಗೆ ಕಟ್ಟುತ್ತಾರೆಂದು ಕಲಿಯಲು ನಾನು ಶೆಟ್ಟಿಹಳ್ಳಿಗೇ ಹೋಗಿರೆಂದು ಹೇಳುವೆನು. ಕಾರಣವಿದೆ. ನಡೆಯುತ್ತಿರುವ ಚರ್ಚಿಗೆ ಗಿಲಾವು, ಬಣ್ಣ ಇರುತ್ತವೆ. ಒಳಗಿನ ಕೆಲಸ ಕಾಣಿಸದು. ಶೆಟ್ಟಿಹಳ್ಳಿಯಲ್ಲಿ ಎಲ್ಲವೂ ಸುಲಿದುಹೋಗಿದೆ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದಾಗ ಊರು ಹಿನ್ನೀರಿಗೆ ಸಿಕ್ಕಿತು. ಜನ ಗಂಟುಮೂಟೆ ಕಟ್ಟಿ ಬೇರೆ ನೆಲೆಗಳಿಗೆ ಹೋದರು. ಚರ್ಚು ಮಾತ್ರ ನಿಂತಿತು. ಅಂದಿನಿಂದ ಮಳೆಗಾಲದಲ್ಲಿ ಅದರ ಕಾಲು, ಸೊಂಟ ನೀರಿನಲ್ಲಿ. ಬೇಸಿಗೆಯಲ್ಲಿ ದನಗಳು ಸುತ್ತ ಮೇಯುತ್ತವೆ. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಹಿನ್ನೀರಿನಲ್ಲಿ ಮುಳುಗಿದ್ದನ್ನೂ, ಕಬಿನಿ ಕಟ್ಟಿದಾಗ ಹೆಗ್ಗಡದೇವನಕೋಟೆಯ ಹಳ್ಳಿಗಳು ಎದ್ದುಹೋದದ್ದನ್ನೂ ಕೇಳಿ ಬೆಳೆದ ನಮಗೆ ಇದನ್ನು ವಿವರಿಸಬೇಕಾದುದಿಲ್ಲ. ಶೆಟ್ಟಿಹಳ್ಳಿಯ ಕಂಬಗಳ ಬಳಿ ನಿಂತ ನೀರೇ ಹೊಳೆನರಸೀಪುರ ದಾಟಿ, ಅಕ್ಕಿಹೆಬ್ಬಾಳಿನ ಕಡೆಯಿಂದ ನಮ್ಮ ಕೃಷ್ಣರಾಜಸಾಗರ ಸೇರುವುದು.

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಗಾರೆ ಕೆಲಸದ ತಾತನೊಬ್ಬರನ್ನು ಜೊತೆ ಮಾಡಿಕೊಂಡು ಅಲ್ಲಿಗೆ ಹೋಗಿದ್ದೆನು. ಒಳಗೆ ನಿಂತರೆ ಕಟ್ಟಡದ ಕ್ರಮ ತಾನಾಗಿ ತಿಳಿಯುತ್ತದೆ. ಉದ್ದನೆಯ ಒಂದು ಅಂಗಣ ಜನ ಕೂರುವ ಜಾಗ. ಎರಡು ಮಗ್ಗುಲಿಗೂ ಕಂಬಗಳ ಸಾಲು, ಕಂಬದಿಂದ ಕಂಬಕ್ಕೆ ಕಮಾನು. ಬಾಗಿಲಿಗೆ ಎದುರಾದ ಕೊನೆಯಲ್ಲಿ ಬಲಿಪೀಠದ ಸ್ಥಾನ. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಮಹಾಸಭೆಗೆ ಮೊದಲು ಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಗುರುಗಳೂ ಜನರೂ ಒಂದೇ ಕಡೆ ಮುಖ ಮಾಡಿರುತ್ತಿದ್ದರು. ಆದುದರಿಂದ ಹಳೆಯ ಚರ್ಚುಗಳಲ್ಲಿ ಪೀಠ ಗೋಡೆಗೆ ಒರಗಿದಂತಿರುತ್ತದೆ. ಆಮೇಲೆ ಕನ್ನಡದಲ್ಲಿ ಪೂಜೆ ಬಂತು, ಪೀಠ ಮುಂದಕ್ಕೆ ಬಂತು, ಗುರುಗಳು ಜನರತ್ತ ತಿರುಗಿದರು. ಇದೊಂದನ್ನು ಗಮನಿಸಿದರೆ ಯಾವ ಚರ್ಚು ಯಾವ ಕಾಲದ ಕ್ರಮಕ್ಕೆ ಕಟ್ಟಿದ್ದೆಂದು ಊಹಿಸಬಹುದು.

ಕಮಾನಿನ ತುದಿ ಚೂಪಾಗಿರುವುದು ಗೋಥಿಕ್ ಶೈಲಿಯ ಗುರುತು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲೂ (ಅದರ ಅಸ್ತಿವಾರದ ಕಲ್ಲನ್ನು 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇಟ್ಟರು) ಇದನ್ನು ಕಾಣಬಹುದು. ಇದು ಬರೀ ಅಂದಕ್ಕಲ್ಲ. ಎರಡು ಬಿದಿರುಗಳನ್ನು ತಲೆಗೂಡಿಸಿ ನಿಲ್ಲಿಸಿ ನೋಡಿ. ಬುಡ ಅಗಲವಾಗಿಟ್ಟರೆ ಕಾಲು ಜಾರುತ್ತವೆ. ಹತ್ತಿರವಾಗಿಟ್ಟರೆ ಭಾರ ನೇರ ನೆಲಕ್ಕಿಳಿದು ನಿಲ್ಲುತ್ತವೆ. ಅರ್ಧಚಂದ್ರದ ಕಮಾನು ಗೋಡೆಯನ್ನು ಹೊರಕ್ಕೆ ಹೆಚ್ಚು ನೂಕುತ್ತದೆ, ಚೂಪು ಕಮಾನು ಕಡಿಮೆ ನೂಕುತ್ತದೆ. ಅದರಿಂದ ಕಟ್ಟಡವನ್ನು ಎತ್ತರ ಮಾಡಬಹುದು, ಕಿಟಕಿಗೆ ಎಡೆ ಸಿಕ್ಕುತ್ತದೆ, ಬೆಳಕು ಬರುತ್ತದೆ.

ಇನ್ನು ಗಾರೆ. ತಾತ ಬಿದ್ದಿದ್ದ ತುಂಡೊಂದನ್ನು ಬೆರಳಲ್ಲಿ ತಿಕ್ಕಿ, “ಸುಣ್ಣ ಕಣಪ್ಪ, ಚೆನ್ನಾಗಿ ಅರೆದವ್ರೆ” ಎಂದರು. ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಅಲ್ಲಿನ ಜನ ಹೇಳುತ್ತಾರೆ. ಬೆಲ್ಲದ ನೀರನ್ನು ಸುಣ್ಣಕ್ಕೆ ಹಾಕುವುದು ನಮ್ಮ ಸೀಮೆಯ ಹಳೆಯ ಪದ್ಧತಿಯೇ. ಸುಟ್ಟ ಇಟ್ಟಿಗೆಯ ಪುಡಿ ಸೇರಿದ ಸುಣ್ಣಕ್ಕೆ ಸುರ್ಕಿ ಗಾರೆ ಎನ್ನುತ್ತಾರೆ; ಅದು ನೀರಿನಲ್ಲಿಯೂ ಗಟ್ಟಿಯಾಗುತ್ತದೆ. 1911ರಲ್ಲಿ ಆರಂಭಿಸಿದ ಕೃಷ್ಣರಾಜಸಾಗರದ ಅಣೆಕಟ್ಟನ್ನು ಸುರ್ಕಿ ಗಾರೆಯಲ್ಲಿಯೇ ಕಟ್ಟಿದುದು.

“ಇಷ್ಟು ನೀರು ಕುಡಿದೂ ನಿಂತದಲ್ಲ ತಾತ” ಎಂದೆನು.

“ಸುಣ್ಣ ಕುಡೀತದೆ, ಬಿಸಿಲು ಬಂದ್ರೆ ಬಿಡ್ತದೆ. ಉಸಿರಾಡ್ತದೆ ಕಣಪ್ಪ. ಇದನ್ನ ಕೊಲ್ತಿರೋದು ಮೇಲ್ಗಡೆ ನೀರು. ಚಾವಣಿ ಇದ್ದಿದ್ರೆ ಇನ್ನೂ ನೂರು ವರ್ಸ ನಿಲ್ತಿತ್ತು.”

ನಾನು ತಲೆ ತಗ್ಗಿಸಿದೆನು. ಕಾರಣ ಅವರಿಗೂ ಗೊತ್ತಿತ್ತು. ನಮ್ಮ ಮನೆಯ ಹಿಂಗೋಡೆ ನನ್ನ ಮುತ್ತಜ್ಜನ ಕಾಲದ್ದು, ಇಟ್ಟಿಗೆ ಮತ್ತು ಸುಣ್ಣದ್ದು. ಡಿಪ್ಲೊಮಾ ಮುಗಿಸಿ ಬಂದ ಹುರುಪಿನಲ್ಲಿ, ತಂದೆಯವರು ಬೇಡವೆಂದರೂ, ನಾನೇ ನಿಂತು ಹೊರಮೈಗೆಲ್ಲ ಸಿಮೆಂಟು ಗಿಲಾವು ಮಾಡಿಸಿದ್ದೆನು. ನೆಲದಿಂದ ಏರಿದ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದಾಯಿತು. ಎರಡು ಮಳೆಗಾಲ ಕಳೆಯುವುದರೊಳಗೆ ಗಿಲಾವು ಹಪ್ಪಳದಂತೆ ಉಬ್ಬಿ ಬಿತ್ತು. ಅದರ ಹಿಂದಿನ ಇಟ್ಟಿಗೆಯೂ ಹಿಟ್ಟಾಗಿ ಉದುರಿತು. ತಂದೆಯವರು ಏನೂ ಅನ್ನಲಿಲ್ಲ. ಒಂದು ಬುಟ್ಟಿ ತಂದು ಪುಡಿ ಬಳಿದರು.

ನಮ್ಮ ಹಳ್ಳಿಗಳಲ್ಲಿ ಸುಣ್ಣದ ಗಾರೆಯ ಹಳೆಯ ಚರ್ಚು, ಗುಡಿ, ಮಸೀದಿ, ಛತ್ರ ಇದ್ದು ಹಬ್ಬದ ಮುಂಚೆ ಜೀರ್ಣೋದ್ಧಾರದ ಚಂದಾ ಎತ್ತುವವರು ಮೊದಲು ಹೆಂಚು, ತೊಲೆ, ನೀರಿಳಿಯುವ ದೋಣಿಗಳನ್ನು ನೋಡಬೇಕು. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ತೆಗೆಯಬೇಕು. ಗೋಡೆಗೆ ಹುಟ್ಟಿದ ಅರಳಿ, ಆಲದ ಸಸಿಗಳನ್ನು ಎಳೆಯದಿರುವಾಗಲೇ ಕತ್ತರಿಸಬೇಕು. ಬೇರು ಬಲಿತ ಮೇಲೆ ಎಳೆದರೆ ಇಟ್ಟಿಗೆಯೂ ಜೊತೆಗೆ ಬರುತ್ತದೆ. ಗಿಲಾವು ಬೇಕೇ ಬೇಕೆಂದರೆ ಸುಣ್ಣದ್ದೇ ಆಗಲಿ. ಸುಟ್ಟ ಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ ಅರಳಿಸಬೇಕು. ಆಗ ಅದು ಕುದಿದು ಹಾರುವುದರಿಂದ ಮಕ್ಕಳನ್ನು ದೂರವಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಕೆಲಸ ಮಾಡತಕ್ಕದ್ದು. ಅರಳಿದ ಸುಣ್ಣವನ್ನು ನೀರಿನಡಿ ಕೆಲವು ವಾರ ಕೊಳೆಹಾಕಿ, ಒಂದು ಪಾಲಿಗೆ ಎರಡರಿಂದ ಮೂರು ಪಾಲು ಮರಳು ಅಥವಾ ಸುರ್ಕಿ ಬೆರೆಸಿ ಅರೆಯಬೇಕು. ಬಳಿದ ಮೇಲೆ ಕೆಲವು ದಿನ ಒದ್ದೆ ಗೋಣಿ ಹೊದಿಸಿ ಬಿಸಿಲಿನಿಂದ ಕಾಯಬೇಕು. ಸಿಮೆಂಟಿನಷ್ಟು ಬೇಗ ಆಗುವ ಕೆಲಸವಲ್ಲ. ಸುಣ್ಣದ ಕೆಲಸ ಬಲ್ಲವರು ಊರೂರಲ್ಲಿ ಒಬ್ಬಿಬ್ಬರು ಮುದುಕರಷ್ಟೆ. ನಮ್ಮ ತಾತನ ಜೊತೆ ಈಗ ಅವರ ಮೊಮ್ಮಗ ಕೆಲಸಕ್ಕೆ ಹೋಗುತ್ತಿದ್ದಾನೆ.

ಶೆಟ್ಟಿಹಳ್ಳಿಗೆ ಹೋಗುವವರು ನೀರಿಳಿದಿರುವ ಬೇಸಿಗೆಯ ತಿಂಗಳುಗಳಲ್ಲಿ ಹೋಗಿ. ಕಮಾನಿನ ಮೇಲೆ ಹತ್ತಬೇಡಿ, ಗೋಡೆಯ ಅಡಿ ಕೂತು ಬುತ್ತಿ ಬಿಚ್ಚಬೇಡಿ, ಇಟ್ಟಿಗೆಗಳು ಸಡಿಲಾಗಿವೆ. ನಮ್ಮ ಮನೆಯ ಹಿಂಗೋಡೆಯ ಕೆಲಸ ದೀಪಾವಳಿ ಕಳೆದ ಮೇಲೆ ಆರಂಭವಾಗುತ್ತದೆ. ಸುಣ್ಣ ಅರಳಿಸುವುದನ್ನು ನೋಡಬೇಕೆನ್ನುವವರು ಬಂದು ನೋಡಬಹುದು.