ದಾಳಿಂಬೆ ಗಿಡದಿಂದ ಇಳಿದ ಸಿ.ಡಿ.

ಅರಸೀಕೆರೆ ಕಡೆಯ ತೋಟದಲ್ಲಿ ದಾಳಿಂಬೆ ಬಣ್ಣಕ್ಕೆ ತಿರುಗುವ ಹೊತ್ತಿಗೆ ಗಿಳಿಗಳ ಕಾಟ ಶುರು. ಅದಕ್ಕೆಂದೇ ಅಣ್ಣ ಹಳೇ ಸಿ.ಡಿ.ಗಳನ್ನು ದಾರಕ್ಕೆ ಕಟ್ಟಿ ಗಿಡಗಿಡಕ್ಕೂ ತೂಗುಬಿಟ್ಟಿದ್ದ. ಗಾಳಿಗೆ ತಿರುಗಿ ಬಿಸಿಲಿಗೆ ಮಿಂಚಿದರೆ ಹಕ್ಕಿ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ. ಹಬ್ಬಕ್ಕೆ ಊರಿಗೆ ಹೋದ ಈ ಲೇಖಕ ಬೆಳಗಿನ ಕಾಫಿ ಲೋಟ ಹಿಡಿದು ತೋಟಕ್ಕೆ ಇಳಿದವನು, ಮೂರನೇ ಸಾಲಿನಲ್ಲಿ ನಿಂತುಬಿಟ್ಟ. ಕಣ್ಣಮುಂದೆ ತಿರುಗುತ್ತಿದ್ದ ಸಿ.ಡಿ.ಯ ಮೇಲೆ ಮಾಸಿದ ಅಕ್ಷರಗಳಿದ್ದವು: ‘ವ್ಯಾಕಿ ರೇಸಸ್’.

ಕಾಫಿ ಕೈಯಲ್ಲೇ ಆರಿತು.

‘ಇಪ್ಪತ್ತು ವರ್ಷ ಅಟ್ಟದ ಮೇಲೆ ಬಿದ್ದಿತ್ತು ಕಣೋ, ಯಾರೂ ಕೇಳಲಿಲ್ಲ. ಗಿಳಿಗಾದ್ರೂ ಉಪಯೋಗ ಆಯ್ತಲ್ಲ’ ಎಂದ ಅಣ್ಣ. ಆ ಮಾತನ್ನು ಈ ಲೇಖಕ ಇವತ್ತಿಗೂ ಕ್ಷಮಿಸಿಲ್ಲ.

ವ್ಯಾಕಿ ರೇಸಸ್ ಮೂಲದಲ್ಲಿ ಕಾರ್ಟೂನು. ಹ್ಯಾನಾ-ಬಾರ್ಬೆರಾ ಸಂಸ್ಥೆ 1968ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಗೆ ಮಾಡಿಕೊಟ್ಟದ್ದು. 17 ಕಂತು, ಕಂತಿಗೆ ಎರಡರಂತೆ 34 ರೇಸು, ಪ್ರತಿ ರೇಸಿಗೂ ಅವೇ 11 ಗಾಡಿಗಳು. ಶಿಲಾಯುಗದ ಅಣ್ಣತಮ್ಮಂದಿರ ಕಲ್ಲುಬಂಡೆಯ ಗಾಡಿಗೆ 1ನೇ ನಂಬರು, ಪೆನೆಲೊಪಿ ಪಿಟ್‌ಸ್ಟಾಪ್‌ಳ ಗುಲಾಬಿ ಕಾರಿಗೆ 5, ಗರಗಸವನ್ನೇ ಚಕ್ರ ಮಾಡಿಕೊಂಡ ಮರದ ಗಾಡಿಗೆ 10. ಇನ್ನು 00 ನಂಬರಿನವನು ಖಳ, ಡಿಕ್ ಡ್ಯಾಸ್ಟರ್ಡ್ಲಿ. ಪಕ್ಕದಲ್ಲಿ ಕಿಸಕಿಸ ನಗುವ ನಾಯಿ ಮಟ್ಲಿ. ಈತನ ಕಥೆ ವಿಚಿತ್ರ. ಎಷ್ಟೋ ಸಲ ಎಲ್ಲರಿಗಿಂತ ಮುಂದೆಯೇ ಇರುತ್ತಾನೆ. ಸುಮ್ಮನೆ ಹೋದರೆ ಗೆದ್ದ. ಹೋಗುವುದಿಲ್ಲ. ಗಾಡಿ ನಿಲ್ಲಿಸಿ ಹಿಂದೆ ಬರುವವರಿಗೆ ಗುಂಡಿ ತೋಡುತ್ತಾನೆ, ದಾರಿಯ ಬೋರ್ಡು ತಿರುಗಿಸುತ್ತಾನೆ, ಕೊನೆಗೆ ತಾನೇ ಆ ಗುಂಡಿಗೆ ಬೀಳುತ್ತಾನೆ. 34ರಲ್ಲಿ ಒಂದನ್ನೂ ಗೆದ್ದವನಲ್ಲ.

ಭಾರತಕ್ಕೆ ಕಾರ್ಟೂನ್ ನೆಟ್‌ವರ್ಕ್ ಬಂದದ್ದು 1995ರಲ್ಲಿ. ರಾತ್ರಿಯಾದರೆ ಅದೇ ಚಾನೆಲ್ಲಿನಲ್ಲಿ ಟಿಎನ್‌ಟಿಯ ಹಳೇ ಇಂಗ್ಲಿಷ್ ಸಿನಿಮಾ ಶುರುವಾಗುತ್ತಿದ್ದ ಕಾಲ ಅದು. ಈ ಕಾರ್ಟೂನಿನ ಮಾತು ಅರ್ಥವಾಗದಿದ್ದರೂ ಗುಂಡಿಗೆ ಬೀಳುವುದು ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತದಲ್ಲ. 2000ದಲ್ಲಿ ಇನ್ಫೋಗ್ರೇಮ್ಸ್ ಕಂಪನಿ ವ್ಯಾಕಿ ರೇಸಸ್ ಅನ್ನು ಕಂಪ್ಯೂಟರ್ ಆಟವಾಗಿ ತಂದಿತು. ಬಳಗದಲ್ಲಿ ಅದರ ಸಿ.ಡಿ. ಇದ್ದದ್ದು ಇಬ್ಬರ ಬಳಿ: ಈ ಲೇಖಕನ ಬಳಿ, ಮೈಸೂರಿನ ಚಿಕ್ಕಪ್ಪನ ಮಗನ ಬಳಿ. ಆ ಚಿಕ್ಕಪ್ಪನ ಮಗ ಪ್ರತಿ ಬೇಸಿಗೆ ರಜೆಯಲ್ಲೂ ಗೆದ್ದು ಹೋಗುತ್ತಿದ್ದ. ಇಷ್ಟು ಗೊತ್ತಿದ್ದರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ.

ಗಿಡದಿಂದ ಇಳಿಸಿದ ಸಿ.ಡಿ.ಯನ್ನು ಬೆಂಗಳೂರಿಗೆ ತಂದದ್ದಾಯಿತು. ಲ್ಯಾಪ್‌ಟಾಪಿನಲ್ಲಿ ಸಿ.ಡಿ. ತೂರಿಸಲು ಜಾಗವೇ ಇಲ್ಲ. ಮಂಚದಡಿಯ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಹೊರಗೆ ಬಂತು. ರಿಪೇರಿ ಅಂಗಡಿಯವನು 600 ರೂಪಾಯಿ ತೆಗೆದುಕೊಂಡು, ಒಳಗೆ ಗಾಳಿ ಊದಿ, ‘ಎಲ್ಲಾ ಓಕೆ ಸಾರ್’ ಎಂದ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿರುವುದನ್ನೂ ನೋಡಿರಲಿಲ್ಲ ಪುಣ್ಯಾತ್ಮ. ಆನ್ ಮಾಡಿದಾಗಲೆಲ್ಲ ಪರದೆಯ ಮೇಲೆ 2002ರ ಜನವರಿ ಒಂದು. ಅದೊಂದು ತಪ್ಪು ಮಾತ್ರ ಈ ಲೇಖಕನಿಗೆ ಹಿತವಾಗಿತ್ತು.

ಸಿ.ಡಿ.ಯ ನಡುತೂತಿನ ಅಂಚಿನಲ್ಲಿ, ದಾರ ಉಜ್ಜಿದ ಕಡೆ, ಕೂದಲೆಳೆಯಂಥ ಬಿರುಕು. ಉಗುರಿಗೆ ಸಿಕ್ಕರೆ ಸಿಕ್ಕೀತು ಅನ್ನುವಷ್ಟು. ಹೆಂಡತಿ ನೋಡಿ, ‘ರೀ, ಮೈಸೂರಿಗೆ ಒಂದು ಫೋನ್ ಮಾಡಿ, ಅವರ ಹತ್ರ ಇರತ್ತೆ’ ಎಂದಳು. ಗಟ್ಟಿ ರಸ್ತೆ ಅದು, ನೇರ ರಸ್ತೆ. ಆದರೆ ಪ್ರತಿ ರಜೆಯಲ್ಲೂ ಸೋಲಿಸಿದವನ ಮುಂದೆ ಕೈಚಾಚುವುದೇ? ಈ ಲೇಖಕ ಡ್ರಾಯರಿನಿಂದ ಸೆಲ್ಲೋಟೇಪ್ ತೆಗೆದ. ಅರ್ಧ ಇಂಚಿನ ತುಂಡು ಕತ್ತರಿಸಿ, ಬಿರುಕಿನ ಮೇಲೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದ. ಮಗಳು ಕತ್ತರಿ ಹಿಡಿದು ಸಹಾಯಕ್ಕೆ ನಿಂತಿದ್ದಳು. ಮಟ್ಲಿಯಂತೆ ನಗಲಿಲ್ಲ, ಅಷ್ಟೇ.

ಡ್ರೈವಿನ ಮುಖದ ಮೇಲೆ ‘52ಎಕ್ಸ್’ ಎಂದು ಬರೆದಿತ್ತು. ಅದರ ಅರ್ಥ ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಪೂರ್ತಿ ವೇಗಕ್ಕೆ ಬಂದರೆ ಸಿ.ಡಿ. ನಿಮಿಷಕ್ಕೆ ಹತ್ತಿರ ಹತ್ತಿರ 10,000 ಸುತ್ತು ತಿರುಗುತ್ತದೆ. 12 ಸೆಂಟಿಮೀಟರ್ ಅಗಲದ ಆ ತಟ್ಟೆಯ ಅಂಚು ಆಗ ಗಂಟೆಗೆ 200 ಕಿಲೋಮೀಟರಿಗೂ ಮೀರಿ ಓಡುತ್ತಿರುತ್ತದೆ. ಬಿರುಕು ಬಿಟ್ಟ ತಟ್ಟೆ, ಒಂದು ಮಗ್ಗುಲಿಗೆ ಟೇಪಿನ ಭಾರ.

ಟ್ರೇ ಒಳಗೆ ಹೋಯಿತು. ಮೊದಲು ಗುರ್ ಎಂಬ ಸದ್ದು, ಆಮೇಲೆ ಸೀಟಿ. ಪರದೆಯ ಮೇಲೆ ಸಿ.ಡಿ.ಯ ಹೆಸರು ಮೂಡಿತು! ‘ಬಂತು, ಬಂತು!’ ಎಂದು ಮಗಳು ಕುಣಿದಳು. ಸೀಟಿ ಏರುತ್ತಾ ಹೋಯಿತು, ಮೇಜಿನ ಮೇಲಿನ ನೀರಿನ ಲೋಟ ನಡುಗಿತು. ಈ ಲೇಖಕನ ಬೆರಳು ಟ್ರೇ ಬಟನ್ನಿನ ಮೇಲೇ ಇತ್ತು. ಒತ್ತಬೇಕಿತ್ತು. ಇನ್ನೊಂದು ಕ್ಷಣ ನೋಡೋಣ ಎಂದು ಕಾದ.

ಫಟ್!

ಪಟಾಕಿಯಲ್ಲ, ತೆಂಗಿನಕಾಯಿ ಕಲ್ಲಿಗೆ ಬಡಿದ ಸದ್ದು. ಡ್ರೈವಿನ ಮುಂದಿನ ಬಾಗಿಲು ಹಾರಿ ಕೀಬೋರ್ಡಿನ ಮೇಲೆ ಬಿತ್ತು, ಬೆಳ್ಳಿಯ ಚೂರೊಂದು ಮುಂಗೈ ಗೀರಿಕೊಂಡು ಹೋಯಿತು. ಮಗಳು ಅತ್ತದ್ದು ನೋವಿಗಲ್ಲ, ಹೆದರಿಕೆಗೆ. ಅವಳ ಮುಖ ಡ್ರೈವಿನಿಂದ ಎಷ್ಟು ದೂರದಲ್ಲಿತ್ತು ಎಂದು ಈ ಲೇಖಕ ಆ ರಾತ್ರಿ ಮೂರು ಸಲ ಗೇಣು ಹಾಕಿ ಅಳೆದ. ಮೂರೂ ಸಲ ನಾಲ್ಕೇ ಗೇಣು. ಹೆಂಡತಿ ಏನೂ ಹೇಳದೆ ಪೊರಕೆ ತಂದುಕೊಟ್ಟಳು. ಬೈದಿದ್ದರೆ ವಾಸಿಯಿತ್ತು.

ಮರುದಿನ ಮೈಸೂರಿಗೆ ಫೋನ್ ಹೋಯಿತು. ‘ಇದನ್ನ ಕೇಳೋಕೆ ಇಷ್ಟು ವರ್ಷ ಬೇಕಾಯ್ತೇನೋ?’ ಎಂದು ನಕ್ಕವನು ವಾರದೊಳಗೆ ಸಿ.ಡಿ. ಕಳಿಸಿದ, ಬಟ್ಟೆಯಲ್ಲಿ ಸುತ್ತಿ, ಒಂದು ಗೀರಿಲ್ಲದಂತೆ.

ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನಾಲ್ಕು ಮಾತು. ಸಿ.ಡಿ.ಯನ್ನು ಬೆಳಕಿಗೆ ಹಿಡಿದು ನಡುತೂತಿನ ಸುತ್ತ ನೋಡಿ. ಬಿರುಕಿದ್ದರೆ ಯಾವ ಡ್ರೈವಿಗೂ ಹಾಕಬೇಡಿ, ಟೇಪಂತೂ ಬೇಡವೇ ಬೇಡ. ಚೆನ್ನಾಗಿದ್ದರೆ ಯುಎಸ್‌ಬಿ ಡ್ರೈವಿನಲ್ಲಿ ಕಡಿಮೆ ವೇಗಕ್ಕೆ ಇಟ್ಟು ಮೊದಲು ಇಮೇಜ್ ಕಾಪಿ ತೆಗೆದುಕೊಳ್ಳಿ, ಆಮೇಲೆ ಆಡಿ. ಆ ಕಾಲದ ಎಷ್ಟೋ ಆಟಗಳ ಸೆಟಪ್ 16-ಬಿಟ್‌ನದು, ಈಗಿನ 64-ಬಿಟ್ ವಿಂಡೋಸ್ ಅದನ್ನು ಓಡಿಸುವುದೇ ಇಲ್ಲ. ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ ಯೋಚಿಸಿ. ನಾಲ್ಕನೆಯದು, ಅಟ್ಟದ ಮೇಲಿನ ಡಬ್ಬಿಗೆ ಹೆಸರು ಬರೆದಿಡಿ, ಮನೆಯಲ್ಲಿ ಅಣ್ಣ ಇದ್ದರೆ.

ಆಟ ಕೊನೆಗೂ ಓಡಿತು. ನೆನಪಿನಲ್ಲಿ ಅಷ್ಟಗಲವಿದ್ದ ರಸ್ತೆ ಪರದೆಯ ಮೇಲೆ ಕಿರಿದಾಗಿತ್ತು, ಕಲ್ಲಿನ ಗಾಡಿಯ ಅಂಚುಗಳೆಲ್ಲ ಹರಳುಹರಳಾಗಿ ಕಂಡವು. ಈ ಲೇಖಕ 1ನೇ ನಂಬರಿನ ಗಾಡಿ ಹತ್ತಿ, ಮೂರು ಕಡೆ ಗೋಡೆಗೆ ಬಡಿದು, ಕಟ್ಟಕಡೆಯವನಾಗಿ ಬಂದ. ಕೀಬೋರ್ಡು ಮಗಳ ಕೈಗೆ ಹೋಯಿತು.

ಅಷ್ಟರಲ್ಲಿ ಊರಿಂದ ಫೋನು. ‘ಲೋ, ಆ ಒಡೆದ ಚೂರು ಬಿಸಾಕಿಲ್ಲ ತಾನೆ? ಮೂರನೇ ಸಾಲಿಗೆ ಗಿಳಿ ಮತ್ತೆ ಬಂದಿದಾವೆ’ ಎಂದ ಅಣ್ಣ. ಚೂರುಗಳಿದ್ದ ಪ್ಲಾಸ್ಟಿಕ್ ಡಬ್ಬಿ ಮಾನಿಟರಿನ ಪಕ್ಕದಲ್ಲೇ ಇತ್ತು. ‘ಇಲ್ಲ’ ಎಂದ ಈ ಲೇಖಕ, ‘ಕಳಿಸೋದೂ ಇಲ್ಲ’ ಎಂದು ಫೋನಿಟ್ಟ. ಮಗಳು 10ನೇ ನಂಬರಿನ ಮರದ ಗಾಡಿ ಹತ್ತಿ ಆಗಲೇ ಮೊದಲ ತಿರುವು ದಾಟಿದ್ದಳು.