ಗಡಿಯಾರ ಹೇಳಿದ ದೂರ

ದೂರವನ್ನು ಅಳೆಯುವುದು ಬಹು ಸುಲಭವಾದ ಕೆಲಸವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನಾನೂ ಹಾಗೆಯೇ ಭಾವಿಸಿದ್ದೆ. ಅದು ತಪ್ಪೆಂದು ತಿಳಿಯಲು ನಾನು ತೆತ್ತ ಬೆಲೆ ನಮ್ಮ ಕಾಲೇಜು ತಂಡದಲ್ಲಿ ಒಂದು ಸ್ಥಾನ.

ನಮ್ಮ ಮೈದಾನದಲ್ಲಿ ಗೆರೆ ಎಳೆದ ಟ್ರ್ಯಾಕ್ ಇರಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮಣ್ಣ ಕೊಟ್ಟ ಕ್ರೀಡಾ ಕೈಗಡಿಯಾರವನ್ನು ಕಟ್ಟಿಕೊಂಡು 1500 ಮೀಟರ್ ಓಟಕ್ಕೆ ಮೂರು ತಿಂಗಳು ಅಭ್ಯಾಸ ಮಾಡಿದೆ. ಗಡಿಯಾರವು 400 ಮೀಟರ್ ಆಯಿತೆಂದು ಸದ್ದು ಮಾಡುವಾಗ 76 ಸೆಕೆಂಡು ಆಗಿರುತ್ತಿತ್ತು. ಈ ಲೆಕ್ಕದಂತೆ 1500 ಮೀಟರಿಗೆ 4 ನಿಮಿಷ 45 ಸೆಕೆಂಡು. ಇಷ್ಟಿದ್ದರೆ ಆಯ್ಕೆ ಖಂಡಿತವೆಂದು ನಂಬಿದ್ದೆ.

ಆಯ್ಕೆಯ ಓಟ ನಡೆದದ್ದು ಜಿಲ್ಲಾ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿನಲ್ಲಿ. ಇಬ್ಬರನ್ನು ಆರಿಸುವುದಿತ್ತು. ಗಡಿಯಾರದಲ್ಲಿ 1200 ಎಂದು ಕಂಡೊಡನೆ ಇದ್ದ ಬಲವನ್ನೆಲ್ಲ ಹಾಕಿ ಓಡಿದೆ. ಅದು 1500 ಎಂದು ತೋರಿಸಿದಾಗ ಮುಕ್ತಾಯದ ಗೆರೆ ಇನ್ನೂ ಸುಮಾರು 36 ಮೀಟರ್ ದೂರದಲ್ಲಿತ್ತು! ಕಾಲುಗಳು ಸೋತವು. ಆ 36 ಮೀಟರಿನಲ್ಲಿಯೇ ಹಿಂದಿದ್ದವನೊಬ್ಬ ನನ್ನನ್ನು ದಾಟಿ ಹೋದ. ನಾನು ಮೂರನೆಯವನಾದೆ, ಕಾಲ 4 ನಿಮಿಷ 52 ಸೆಕೆಂಡು.

ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಬೈಯಲಿಲ್ಲ. “ಗಡಿಯಾರ ನೋಡಿ ಓಡಿದೆಯಲ್ಲಯ್ಯಾ, ಗೆರೆ ನೋಡಲಿಲ್ಲ. ನಾಳೆ ಇಲ್ಲಿಗೇ ಬಂದು ಒಳಗಿನ ಲೇನಿನಲ್ಲಿ ಹತ್ತು ಸುತ್ತು ಓಡು. ಅದು ಎಷ್ಟು ಹೇಳುತ್ತದೋ ಬರೆದುಕೊ” ಎಂದರು. ಹಾಗೆಯೇ ಮಾಡಿದೆ. ನಿಜವಾದ ದೂರ 4000 ಮೀಟರ್. ಗಡಿಯಾರ ಹೇಳಿದ್ದು 4100. ಎಂದರೆ ನನ್ನ ಅಭ್ಯಾಸದ “400 ಮೀಟರ್” ವಾಸ್ತವವಾಗಿ 390 ಮೀಟರ್ ಮಾತ್ರ. ಈ ವ್ಯತ್ಯಾಸವೇಕೆಂದು ತಿಳಿಯುವ ಕುತೂಹಲದಿಂದ ಈ ವಿಷಯವನ್ನು ಅಭ್ಯಸಿಸಿದೆ.

ಮೊದಲು ಟ್ರ್ಯಾಕಿನ ಅಳತೆಯನ್ನು ನೋಡೋಣ. ಪ್ರಮಾಣಬದ್ಧವಾದ ಟ್ರ್ಯಾಕಿನಲ್ಲಿ 84.39 ಮೀಟರ್ ಉದ್ದದ ಎರಡು ನೇರ ಭಾಗಗಳೂ, 36.50 ಮೀಟರ್ ತ್ರಿಜ್ಯದ ಎರಡು ಅರ್ಧವೃತ್ತಗಳೂ ಇವೆ. ಓಟಗಾರನು ಒಳ ಅಂಚಿನ ಮೇಲೆಯೇ ಓಡಲಾರನಾದ್ದರಿಂದ, ಅಂಚಿನ ಕಟ್ಟೆಯಿಂದ 30 ಸೆಂಟಿಮೀಟರ್ ಹೊರಗೆ ದೂರವನ್ನು ಅಳೆಯುತ್ತಾರೆ. ಆಗ ತ್ರಿಜ್ಯ 36.80 ಆಗುತ್ತದೆ. ನೇರ ಭಾಗಗಳು 168.78, ತಿರುವುಗಳು 231.22, ಒಟ್ಟು ಸರಿಯಾಗಿ 400 ಮೀಟರ್. ಲೇನಿನ ಅಗಲ 1.22 ಮೀಟರ್. ಎರಡನೆಯ ಲೇನಿನಿಂದಾಚೆಗೆ ಒಳಗೆರೆಯಿಂದ 20 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ. ಎರಡನೆಯ ಲೇನಿನಲ್ಲಿ ಒಂದು ಸುತ್ತು 407.04 ಮೀಟರ್, ಎಂಟನೆಯದರಲ್ಲಿ 453.03 ಮೀಟರ್. ಆದ್ದರಿಂದ ಹೊರಗಿನ ಲೇನಿನಲ್ಲಿ ಓಡುವವನು ಗಡಿಯಾರ ಹೆಚ್ಚು ತೋರಿಸಿತೆಂದು ದೂರಬಾರದು. ಅವನು ಓಡಿದ್ದೇ ಹೆಚ್ಚು.

ಇನ್ನು ಗಡಿಯಾರದ ವಿಚಾರ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ತಿರುಗುವ ಜಿ.ಪಿ.ಎಸ್. ಉಪಗ್ರಹಗಳ ಸಂಕೇತಗಳು ತನ್ನನ್ನು ಮುಟ್ಟಲು ಹಿಡಿದ ಕಾಲದಿಂದ ಅದು ತಾನಿರುವ ಸ್ಥಳವನ್ನು ಲೆಕ್ಕ ಹಾಕುತ್ತದೆ. ಈ ಸಂಕೇತಗಳು ಬೆಳಕಿನ ವೇಗದಲ್ಲಿ ಚಲಿಸುತ್ತವೆ. ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲು ತಪ್ಪಿದರೂ ಮೂರು ಮೀಟರ್ ವ್ಯತ್ಯಾಸವಾಗುತ್ತದೆ. ಪ್ರೇಕ್ಷಕರ ಗ್ಯಾಲರಿಗೋ ಕಟ್ಟಡಕ್ಕೋ ತಾಗಿ ಬಂದ ಸಂಕೇತ ತಡವಾಗಿ ಮುಟ್ಟುತ್ತದೆ. ಹೀಗೆ ಗಡಿಯಾರ ಗುರುತಿಸುವ ಬಿಂದುಗಳು ನಮ್ಮ ನಿಜವಾದ ದಾರಿಯ ಆಚೆ ಈಚೆ ಬೀಳುತ್ತವೆ. ಅವನ್ನು ಸೇರಿಸಿದರೆ ಬರುವ ಅಂಕುಡೊಂಕು ಗೆರೆ ನಿಜವಾದ ದಾರಿಗಿಂತ ಉದ್ದವಾಗುವುದು ಸಹಜ. ನನ್ನ ನೂರು ಮೀಟರ್ ಹೆಚ್ಚಳದ ಮೂಲ ಇದೇ.

ಇದಕ್ಕೆ ವಿರುದ್ಧವಾದ ತಪ್ಪೂ ಒಂದುಂಟು. ಬ್ಯಾಟರಿಯನ್ನು ಉಳಿಸಲು ಕೆಲವರು ಬಿಂದುಗಳನ್ನು ವಿರಳವಾಗಿ ಗುರುತಿಸುವಂತೆ ಗಡಿಯಾರವನ್ನು ಹೊಂದಿಸುತ್ತಾರೆ. ಆಗ ಅದು ತಿರುವಿನ ಕಂಸವನ್ನು ಬಿಟ್ಟು ಜ್ಯಾವನ್ನು ಅಳೆಯುತ್ತದೆ. ಸೆಕೆಂಡಿಗೆ 4 ಮೀಟರ್ ಓಡುವವನಿಗೆ ಐದು ಸೆಕೆಂಡಿಗೊಂದು ಬಿಂದುವಾದರೆ ಪ್ರತಿ 20 ಮೀಟರಿಗೆ 25 ಸೆಂಟಿಮೀಟರ್, ಎಂದರೆ ಸುತ್ತಿಗೆ ಸುಮಾರು ಮೂರು ಮೀಟರ್ ಕಡಿಮೆ ಬರುತ್ತದೆ. ಸೆಕೆಂಡಿಗೊಂದು ಬಿಂದುವಾದರೆ ಈ ಕೊರತೆ ಗಣನೆಗೆ ಬಾರದು.

ಹಾಗಾದರೆ ಮಾಡಬೇಕಾದುದೇನು? ಓಟಕ್ಕೆ ಮೊದಲು ಬಯಲಿನಲ್ಲಿ ನಿಂತು, ಸಂಕೇತ ಸಿಕ್ಕಿದೆಯೆಂದು ಗಡಿಯಾರ ತಿಳಿಸುವವರೆಗೆ ಕಾಯಬೇಕು. ಬಿಂದುಗಳನ್ನು ಸೆಕೆಂಡಿಗೊಮ್ಮೆ ಗುರುತಿಸುವಂತೆ ಹೊಂದಿಸಬೇಕು. ಈಗಿನ ಕೆಲವು ಗಡಿಯಾರಗಳಲ್ಲಿ ಟ್ರ್ಯಾಕ್ ಓಟಕ್ಕೆಂದೇ ಪ್ರತ್ಯೇಕ ವ್ಯವಸ್ಥೆಯಿದೆ. ಅದರಲ್ಲಿ ನಮ್ಮ ಲೇನನ್ನು ತಿಳಿಸಿ, ಅದೇ ಲೇನಿನಲ್ಲಿ ಓಡಬೇಕು. ಇವೆಲ್ಲಕ್ಕಿಂತ ಉತ್ತಮವಾದ ಉಪಾಯವೆಂದರೆ ಪ್ರತಿ ಸುತ್ತಿನಲ್ಲಿಯೂ ಗೆರೆಯನ್ನು ದಾಟುವಾಗ ಗುಂಡಿಯನ್ನು ನಾವೇ ಒತ್ತುವುದು. ದೂರವನ್ನು ಟ್ರ್ಯಾಕ್ ಹೇಳಲಿ, ಕಾಲವನ್ನು ಗಡಿಯಾರ ಹೇಳಲಿ. ಕಾಲವನ್ನು ಹೇಳುವುದರಲ್ಲಿ ಅದಕ್ಕೆ ಸಾಟಿಯಿಲ್ಲ.

ಟ್ರ್ಯಾಕ್ ಇಲ್ಲದ ನಮ್ಮಂಥವರು ಏನು ಮಾಡಬೇಕೆಂದು ಕೇಳಬಹುದು. ಟೇಪು, ಗೂಟ, ಹಗ್ಗ, ಸುಣ್ಣದ ಪುಡಿ, ಇಷ್ಟಿದ್ದರೆ ಸಾಕು. 50 ಮೀಟರಿನ ಎರಡು ನೇರ ಗೆರೆಗಳನ್ನು 31.44 ಮೀಟರ್ ಅಂತರದಲ್ಲಿ ಎಳೆದು, ಎರಡು ತುದಿಗಳಲ್ಲಿಯೂ ಗೂಟಕ್ಕೆ ಹಗ್ಗ ಕಟ್ಟಿ 15.72 ಮೀಟರ್ ತ್ರಿಜ್ಯದ ಅರ್ಧವೃತ್ತಗಳನ್ನು ಬರೆಯಿರಿ. ಕಟ್ಟೆಯಿಲ್ಲದ ಬರಿಯ ಗೆರೆಯಾದ್ದರಿಂದ 20 ಸೆಂಟಿಮೀಟರ್ ಹೊರಗೆ ಓಡಿದರೆ ಸುತ್ತು 200 ಮೀಟರ್ ಆಗುತ್ತದೆ. ಮೂರು ಸೆಂಟಿಮೀಟರ್ ಮಾತ್ರ ಹೆಚ್ಚು. ಕಳೆದ ತಿಂಗಳು ಗೆಳೆಯರೊಡಗೂಡಿ ನಮ್ಮ ಮೈದಾನದಲ್ಲಿ ಇದನ್ನೇ ಮಾಡಿದೆವು. ಒಂದು ಬೆಳಗಿನ ಕೆಲಸ.

ನಾನು ಅಂತಿಮ ವರ್ಷದವನು. ಇನ್ನು ಈ ಕಾಲೇಜಿನ ಪರವಾಗಿ ಓಡಲಾರೆ. ಆದರೆ ಸುಣ್ಣದ ಗೆರೆ ಅಲ್ಲಿದೆ. ಮಳೆಗೆ ಅಳಿಸಿದಾಗಲೆಲ್ಲ ಕಿರಿಯ ಮಿತ್ರರು ಅದನ್ನು ಮತ್ತೆ ಎಳೆದುಕೊಂಡರೆ ನನ್ನ ಆ 36 ಮೀಟರ್ ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತೇನೆ.